ಮೊದ್ಲ ವೈರ್ ನೋಡ್ರಿ, ಆಮ್ಯಾಲೆ ಕಂಪ್ಯೂಟರ್ ಬೈರಿ

ನಮ್ಮನ್ಯಾಗಿನ ಹಳೇ ಕಂಪ್ಯೂಟರ್ ನೀವೆಲ್ಲಾ ನೋಡೀರಿ. ಟಿವಿ ಬಾಜೂಕ, ಮ್ಯಾಲ ನಾ ಕಸೂತಿ ಹಾಕಿದ ಅರಬಿ ಹೊಚ್ಚಿದ್ದು. ಹದಿನಾಲ್ಕು ವರ್ಷ ಆತು ಅದಕ್ಕ. ಮಗಳ ಮದವಿ ವಿಡಿಯೋ, ಮೊಮ್ಮಗನ ಜಾವಳ ಎಲ್ಲಾ ಅದರಾಗ ಅವ. ಎಲ್ಲಾಕ್ಕಿಂತ ಹೆಚ್ಚು ಅಂದ್ರ ನಮ್ಮ ಅತ್ತಿಯವರು ಹೇಳಿದ ಹಾಡು. ಅವರು ಹೋಗಿ ಆರು ವರ್ಷ ಆತು, ಆ ದನಿ ಇನ್ನ ಬ್ಯಾರೆ ಎಲ್ಲೂ ಸಿಗೂದಿಲ್ಲ.

ಅದಕ್ಕ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ ಇಡೋಣ ಅಂತ ಹೊಂಟ್ವಿ. ಹಳೇ ಮಷೀನು, ಯುಎಸ್‌ಬಿ 2 ಅಷ್ಟ ಇತ್ತು. ಅಂಗಡಿಯವರು ಒಳಗ ಒಂದು ಯುಎಸ್‌ಬಿ 3 ಕಾರ್ಡ್ ಕೂಡಿಸಿ ಕೊಟ್ರು, ನೀಲಿ ಬಾಯಿಂದು. ಹತ್ತು ಪಟ್ಟು ಜೋರು ಅಂದ್ರು. ಮನಿಗೆ ಬಂದು ಹಚ್ಚಿದ್ರ ಮೊದ್ಲಿನಷ್ಟ! ಸೆಕೆಂಡಿಗೆ 30 ಎಂಬಿ. 600 ಜಿಬಿ ಅಂದ್ರ ಐದೂವರಿ ತಾಸು. ನಮ್ಮ ಓಣ್ಯಾಗ ಐದೂವರಿ ತಾಸು ಕರೆಂಟ್ ಹೋಗಲಾರದ ಇರ್ತದೇನ್ರೀ? ಎರಡು ಸಲ ಅರ್ಧಕ್ಕ ನಿಂತತು.

ಅಂಗಡಿಗೆ ಫೋನ್ ಮಾಡಿದ್ರ, ಬೋರ್ಡೇ ಹಳೇದು, ಹೊಸಾ ಕಂಪ್ಯೂಟರ್ ತಗೋರಿ, ನಲವತ್ತು ಸಾವಿರದಾಗ ಬರ್ತದ ಅಂದ್ರು. ನಮ್ಮನಿಯವರು ಹೂಂ ಅಂದೇ ಬಿಡ್ತಿದ್ರು. ನಾ ತಡೀರಿ ಅಂದೆ. “ನಿನಗ ಅದೆಲ್ಲಾ ತಿಳಿಯೂದಿಲ್ಲ” ಅಂತ ಅನ್ನಿಸ್ಕೊಂಡೂ ಆತು.

ತಿಳೀಲಾರದ್ದೇನದ ಇದರಾಗ? ನಮ್ಮಲ್ಲೆ ನಳಾ ಬರೋದ ಎಂಟು ದಿನಕ್ಕೊಮ್ಮೆ. ನೀರು ಸಣ್ಣಗ ಬಂದ್ರ ನಾವೇನು ಟಾಕಿ ಬದಲ್ಸತೀವೇನು? ಮೊದ್ಲ ಪೈಪ್ ಎಲ್ಲಿ ಮಡಚೇದ ನೋಡ್ತೀವಿ. ಎಲ್ಲಾಕ್ಕಿಂತ ಸಣ್ಣ ಬಾಯಿ ಎಲ್ಲಿ ಅದನೋ ಅಷ್ಟ ನೀರು. ಇದೂ ಹಂಗ. ಕಾರ್ಡು, ವೈರು, ಹೊರಗಿನ ಡಿಸ್ಕು, ಒಳಗಿನ ಡಿಸ್ಕು, ಇಷ್ಟ್ರಾಗ ಒಂದು ನಿಧಾನ ಇದ್ರ ಎಲ್ಲಾ ನಿಧಾನ.

ಅಳಿಯ ವಿಡಿಯೋ ಕಾಲ್‌ನ್ಯಾಗ ನೋಡಿ ನಕ್ಕ. “ಅತ್ತೀ, ಇದು ಮೊಬೈಲ್ ಚಾರ್ಜರ್ ವೈರ್ ಅಲ್ಲೇನ್ರೀ?” ಖರೇನ. ಆ ಡಿಸ್ಕಿನ ಬಾಯಿ ಅಗಲ ಇರ್ತದ, ನಡುವ ಒಂದು ತಗ್ಗು ಇದ್ದು ಎರಡು ಭಾಗ. ಹಳೇ ಮೊಬೈಲಿನ ಸಣ್ಣ ವೈರು ಅದರಾಗಿನ ಒಂದು ಭಾಗಕ್ಕ ಸರೀ ಕೂಡ್ತದ, ಕೆಲಸಾನೂ ಮಾಡ್ತದ. ಮೋಸ ಅಲ್ಲೇ ಆಗೋದು! ಆದ್ರ ಯುಎಸ್‌ಬಿ 2ರ ಓಟ ಅಷ್ಟ ಓಡ್ತದ. ಯುಎಸ್‌ಬಿ 3ಕ್ಕ ಹಳೇ ನಾಲ್ಕು ಸಂಪರ್ಕದ ಜೋಡಿ ಮತ್ತ ಐದು ಬೇಕು, ಒಟ್ಟು ಒಂಬತ್ತು. ಆ ಐದು ಸಣ್ಣ ವೈರಿನ್ಯಾಗ ಇರೂದೇ ಇಲ್ಲ. ಡಿಸ್ಕಿನ ಜೋಡಿ ಬಂದಿದ್ದ ಗಿಡ್ಡ ವೈರು ಎಲ್ಲಿತ್ತಂತೀರಿ? ನನ್ನ ಕಪಾಟಿನ್ಯಾಗ, ಪಿನ್ನು-ಗುಂಡಿ ಡಬ್ಬ್ಯಾಗ. ನಾನ ಜ್ವಾಕಿ ಮಾಡಿ ಎತ್ತಿಟ್ಟಿದ್ದೆ!

ಅದನ್ನ ಹಚ್ಚಿದ ಕೂಡ್ಲೆ 90 ಎಂಬಿ. ಎರಡು ತಾಸಿನೊಳಗ ಮುಗೀತು. ನಲವತ್ತು ಸಾವಿರ ಉಳೀತು.

ಅಂಗಡಿಯವರ ಮ್ಯಾಲ ನನಗ ಸಿಟ್ಟು ಅದ, ವೈರ್ ಬಗ್ಗೆ ಒಂದು ಮಾತು ಕೇಳಲಿಲ್ಲ ಅಂತ. ಆ ಹತ್ತು ಪಟ್ಟಿನ ಮಾತೂ ಹಂಗ. ಡಬ್ಬಿ ಮ್ಯಾಲ 5 ಗಿಗಾಬಿಟ್ ಅಂತ ಬರದಿರ್ತದ. ಬಿಟ್ಟು ಬ್ಯಾರೆ, ಬೈಟು ಬ್ಯಾರೆ, ಎಂಟು ಬಿಟ್ಟಿಗೆ ಒಂದು ಬೈಟು. ಹಳೇ ಬೋರ್ಡಿನ ಸಣ್ಣ ಸ್ಲಾಟು ಎಷ್ಟೋ ಕಡೆ ಸೆಕೆಂಡಿಗೆ 250 ಎಂಬಿಗಿಂತ ಹೆಚ್ಚು ಬಿಡೂದಿಲ್ಲ. ಅಷ್ಟ್ರ ಮ್ಯಾಲ ತಿರಗೋ ಹಾರ್ಡ್ ಡಿಸ್ಕು ಹೆಚ್ಚು-ಕಡಿಮಿ 100ರ ಹತ್ರಾನ ಓಡ್ತದ. ಮೂರು ಪಟ್ಟು ಸಿಗ್ತದ್ರೀ ಬಾಯಾರ ಅಂತ ಹೇಳಿದ್ರ ನಾವು ಕಾರ್ಡ್ ತಗೋತಿದ್ದಿಲ್ಲೇನು?

ಇನ್ನೊಂದು. ಸಾವಿರಗಟ್ಟಲೆ ಸಣ್ಣ ಫೋಟೋ ಕಳಿಸೋ ಮುಂದ ನಿಧಾನ ಆದ್ರ ಅಂಜಬ್ಯಾಡ್ರಿ, ಅದು ರೋಗ ಅಲ್ಲ. ಒಂದ ಚೀಲ ಅಕ್ಕಿ ಎತ್ತಿಡೋದಕ್ಕೂ ಅಷ್ಟ ಅಕ್ಕಿ ಮುಟಿಗಿ ಮುಟಿಗಿ ಎಣಿಸಿ ಹಾಕೋದಕ್ಕೂ ಫರಕ್ ಇಲ್ಲೇನು, ಹಂಗ.

ಈಗ ಆ ಗಿಡ್ಡ ವೈರ್ ಡಿಸ್ಕಿಗೇ ರಬ್ಬರ್ ಹಾಕಿ ಕಟ್ಟೀನಿ. ಹಾಡಿಂದು ಇನ್ನೊಂದು ನಕಲು ಪೆನ್ ಡ್ರೈವಿನ್ಯಾಗ ಮಾಡಿ ಹುಬ್ಬಳ್ಳಿಗೆ ನಾದಿನಿ ಮನಿಗೆ ಕಳಿಸಿದೆ. ಅವ್ವನ ದನಿ ಕೇಳಿ ರಾತ್ರಿ ಹನ್ನೊಂದಕ್ಕ ಫೋನ್ ಮಾಡಿದ್ಲು, ಭಾಳ ಹೊತ್ತು ಏನೂ ಮಾತಾಡ್ಲಿಲ್ಲ.