ಆಸ್ಪತ್ರೆಯ ಯಂತ್ರಗಳೂ ಅವುಗಳ ಮಿಸ್ತ್ರಿಯೂ

ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ರೋಗಿಯ ಸ್ಥಿತಿ ಕೈಮೀರಿತೆಂದರೆ ವೈದ್ಯರು ಬರೆದುಕೊಡುವ ಚೀಟಿ ಬಹುಮಟ್ಟಿಗೆ ಒಂದೇ: ಬಳ್ಳಾರಿಗೆ ಒಯ್ಯಿರಿ. ಹಂಪೆಯ ಬಂಡೆಯಿಂದ ಜಾರಿಬಿದ್ದ ಯಾತ್ರಿಕನಿಗೂ ಅದೇ ದಾರಿ. ಹೀಗೆ ನಮ್ಮ ಸೀಮೆಯವರು ಕೊನೆಯ ಆಸೆಯಿಂದ ಹೋಗಿ ಸೇರುವ, ವಿಮ್ಸ್ ಎಂದೇ ಜನರಿಗೆ ಪರಿಚಿತವಾದ ಸರ್ಕಾರಿ ಆಸ್ಪತ್ರೆಯಲ್ಲಿ 2022ನೆಯ ಸೆಪ್ಟೆಂಬರ್ 14ರಂದು ವಿದ್ಯುತ್ತು ನಿಂತುಹೋಯಿತು. ತೀವ್ರನಿಗಾ ಘಟಕದಲ್ಲಿದ್ದ ರೋಗಿಗಳಿಬ್ಬರು ಅಂದು ಮರಣಹೊಂದಿದರು. ವೆಂಟಿಲೇಟರು ನಿಂತದ್ದರಿಂದಲೇ ಪ್ರಾಣಹೋಯಿತೆಂದು ಬಂಧುಗಳು ದೂರಿದರು. ರೋಗವೇ ಕಾರಣವೆಂದು ಆಸ್ಪತ್ರೆಯವರೂ ಸರ್ಕಾರದವರೂ ಹೇಳಿದರು. ವಿಷಯವು ವಿಧಾನಸಭೆಗೆ ಹೋಯಿತು. ವಿಚಾರಣಾ ಸಮಿತಿಯೂ ನೇಮಕವಾಯಿತು.

ಆ ವಿವಾದದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಮಂತ್ರಿಗಳ ಹೊಣೆ ಎಷ್ಟು, ವೈದ್ಯರ ಹೊಣೆ ಎಷ್ಟೆಂಬ ವಾಗ್ವಾದದ ಗದ್ದಲದಲ್ಲಿ, ಕೇಬಲನ್ನೂ ಜನರೇಟರನ್ನೂ ನೋಡಿಕೊಳ್ಳತಕ್ಕ ಮಿಸ್ತ್ರಿ ಯಾರು, ಅವನಿಗಿರುವ ಅಧಿಕಾರವೇನು ಎಂಬ ಪ್ರಶ್ನೆ ಮೂಲೆಗೆ ಬಿದ್ದಿತು. ಮೊದಲು ಕೇಳತಕ್ಕ ಪ್ರಶ್ನೆ ಅದೇ ಎಂದು ನಮ್ಮ ಅಭಿಪ್ರಾಯ.

ಜನರೇಟರು ಇದ್ದರೆ ಸಾಲದು. ಬ್ಯಾಟರಿ ಸೊರಗಿದ್ದರೆ ಎಂಜಿನು ಏಳುವುದಿಲ್ಲ. ಎದ್ದರೂ ಚೇಂಜ್‌ಓವರ್ ಸ್ವಿಚ್ಚು ಕೈಕೊಟ್ಟರೆ ವಿದ್ಯುತ್ತು ವಾರ್ಡನ್ನು ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಐದು ನಿಮಿಷ ಬರಿದೇ ಓಡಿಸಿ ಪುಸ್ತಕದಲ್ಲಿ ಗೀಟು ಹಾಕುವುದು ಪರೀಕ್ಷೆಯಲ್ಲ. ಆಸ್ಪತ್ರೆಯ ನಿಜವಾದ ಭಾರವನ್ನು ಹೊರಿಸಿ ನೋಡಬೇಕು. ಅದಕ್ಕೆ ಮುಂಚೆ ವೈದ್ಯರಿಗೂ ದಾದಿಯರಿಗೂ ತಿಳಿಸಿ, ವೆಂಟಿಲೇಟರುಗಳ ಬ್ಯಾಟರಿಗಳು ತುಂಬಿವೆಯೇ ಎಂದು ಖಾತ್ರಿಮಾಡಿಕೊಳ್ಳಬೇಕು. ದಿನಗೂಲಿಯವನ ಮಾತಿಗೆ ಶಸ್ತ್ರವೈದ್ಯರು ಕಿವಿಗೊಡುವರೆ?

ಸಂಡೂರಿನ ಕೆಂಧೂಳಿಯನ್ನು ಕಂಡವರಿಗೆ ಇನ್ನೊಂದು ಮಾತು ಸುಲಭವಾಗಿ ತಿಳಿಯುವುದು. 2021ರ ಕೊರೋನಾ ಹಾವಳಿಯ ತರುವಾಯ ದೇಶದ ಅನೇಕ ಆಸ್ಪತ್ರೆಗಳ ಅಂಗಳದಲ್ಲಿ ಆಮ್ಲಜನಕದ ಘಟಕಗಳನ್ನು ಸ್ಥಾಪಿಸಲಾಯಿತು. ಇವುಗಳಲ್ಲಿ ಜಿಯೋಲೈಟೆಂಬ ಹರಳು ಗಾಳಿಯೊಳಗಿನ ಸಾರಜನಕವನ್ನು ಹಿಡಿದಿಟ್ಟು, ಶೇಕಡಾ 93ರಷ್ಟು ಶುದ್ಧವಾದ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ತೇವ ತಗುಲಿದರೆ ಹರಳು ಕೆಡುತ್ತದೆ; ಧೂಳು ಕಟ್ಟಿದರೆ ಶೋಧಕವು ಉಸಿರುಗಟ್ಟುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ತೋರಣಗಲ್ಲಿನಲ್ಲಿ ಸಾವಿರ ಹಾಸಿಗೆಗಳ ತಾತ್ಕಾಲಿಕ ಆಸ್ಪತ್ರೆಯನ್ನು ಎಬ್ಬಿಸಿ, ಉಕ್ಕಿನ ಕಾರ್ಖಾನೆಯಿಂದ ಕೊಳವೆಯ ಮೂಲಕ ಆಮ್ಲಜನಕವನ್ನು ತಂದದ್ದು ನಮ್ಮವರ ಸಾಮರ್ಥ್ಯಕ್ಕೆ ಸಾಕ್ಷಿ. ಕಟ್ಟುವ ಕೈಗಳಿಗೆ ಇಲ್ಲಿ ಬರವಿಲ್ಲ. ಕಾಯುವ ಕೈಗಳಿಗೆ ಮಾತ್ರ ಸಂಬಳದ ಬರ.

ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪಲಾರೆವು. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಆರೋಗ್ಯಕ್ಕೆ ಆದ್ಯತೆಯುಂಟು. ಆದರೆ ಕಟ್ಟಡಕ್ಕೆ ಶಂಕುಸ್ಥಾಪನೆಯುಂಟು, ಯಂತ್ರಕ್ಕೆ ಉದ್ಘಾಟನೆಯುಂಟು. ಗ್ಯಾಸ್ಕೆಟ್ ಬದಲಾಯಿಸಿದ್ದಕ್ಕೆ ರಿಬ್ಬನ್ ಕತ್ತರಿಸುವವರಾರು? ವೈದ್ಯಕೀಯ ಉಪಕರಣಗಳ ನಿರ್ವಹಣೆಗೆಂದು 2015ರಲ್ಲಿಯೇ ಕೇಂದ್ರದವರು ಕಾರ್ಯಕ್ರಮವೊಂದನ್ನು ತಂದು, ಜಿಲ್ಲಾ ಆಸ್ಪತ್ರೆಯ ಉಪಕರಣಗಳು ಶೇಕಡಾ 95ರಷ್ಟು ಕಾಲ ಸುಸ್ಥಿತಿಯಲ್ಲಿರಬೇಕೆಂದು ಗುರಿಯಿಟ್ಟರು. ಕ್ರಮವು ಸ್ತುತ್ಯವಾದುದೇ. ಆದರೆ ಗುತ್ತಿಗೆಯ ಕಂಪನಿಗೆ ದೂರು ಕೊಟ್ಟು ಅವರ ಮನುಷ್ಯನನ್ನು ಎದುರುನೋಡುವುದು ಬೇರೆ. ಯಂತ್ರದ ಸದ್ದು ಬದಲಾದುದನ್ನು ಕೇಳಿ ಎದ್ದುಬರುವ ಮನುಷ್ಯ ಆವರಣದಲ್ಲಿಯೇ ಇರುವುದು ಬೇರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದದ್ದು ಸರಪಳಿ ತುಂಡಾದುದರಿಂದ. ಹರಿಯುವ ನೀರಿನಲ್ಲಿಯೇ ವಾರವೊಂದರಲ್ಲಿ ತಾತ್ಕಾಲಿಕ ಗೇಟನ್ನು ಇಳಿಸಿದ ಕನ್ನಯ್ಯ ನಾಯುಡು ಅವರನ್ನೂ ಕೆಲಸಗಾರರನ್ನೂ ನಾಡು ಕೊಂಡಾಡಿತು; ಅದು ಉಚಿತವೇ. ಗೇಟಿಗೆ ವಾರದ ಅವಕಾಶ ದೊರೆಯಿತು. ವೆಂಟಿಲೇಟರಿನ ಮೇಲಿರುವ ರೋಗಿಗೆ ದೊರೆಯುವುದು ಕೆಲವು ನಿಮಿಷ.

ಆದುದರಿಂದ ಹೊಸಪೇಟೆ, ಸಂಡೂರು, ಕಂಪ್ಲಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ಪಾಳಿಗೂ ಒಬ್ಬ ಐಟಿಐ ಕಲಿತ ಮಿಸ್ತ್ರಿಯನ್ನು ಖಾಯಂ ಹುದ್ದೆಯಲ್ಲಿ ನೇಮಿಸಬೇಕು. ಫ್ಯೂಜು, ಬೆಲ್ಟು, ಶೋಧಕಗಳನ್ನು ಮೇಲಿನವರ ಮಂಜೂರಾತಿಗೆ ಕಾಯದೆ ಕೊಳ್ಳುವಷ್ಟು ಹಣ ಅವನ ಕೈಯಲ್ಲಿರಬೇಕು. ಅಷ್ಟರವರೆಗೆ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಮುಂದಿನ ಸಭೆಗೆ ಜನರೇಟರಿನ ಪುಸ್ತಕವನ್ನು ತರಿಸಿಕೊಂಡು, ಭಾರ ಹೊರಿಸಿ ಪರೀಕ್ಷಿಸಿದ ಕಡೆಯ ದಿನಾಂಕ ಯಾವುದು, ರಾತ್ರಿಯ ಪಾಳಿಯಲ್ಲಿ ಸಹಿ ಮಾಡಿದವರು ಯಾರು ಎಂಬುದನ್ನು ಗಟ್ಟಿಯಾಗಿ ಓದಿಸತಕ್ಕದ್ದು.