ಹುಚ್ಚರಿಗೇತಕ್ಕೆ ಕನ್ನಡ?

ಗಡಿನಾಡಿನ ಕನ್ನಡಿಗರಾದ ನಾವು ಶಾಲೆಯ ಕನ್ನಡಕ್ಕಾಗಿ, ಕಚೇರಿಯ ಕನ್ನಡಕ್ಕಾಗಿ ವಾದಿಸುತ್ತ ಬಂದಿದ್ದೇವೆ. ಮನೋರೋಗಿಯ ಕನ್ನಡವನ್ನು ಮಾತ್ರ ಮರೆತಿದ್ದೇವೆ.

ದಾನೋಳಿಯಲ್ಲಿ ಕನ್ನಡವೊಂದನ್ನೇ ಬಲ್ಲ ಮುದುಕಿಯೊಬ್ಬಳ ಮನಸ್ಸು ಕದಡಿತೆನ್ನೋಣ. ಈ ಭಾಗದವರಿಗೆ ಸರಕಾರದ ಮನೋರುಗ್ಣಾಲಯವಿರುವುದು ಘಟ್ಟದಾಚೆಯ ರತ್ನಾಗಿರಿಯಲ್ಲಿ. ಯಾವ ಆಸ್ಪತ್ರೆಗೇ ಹೋಗಲಿ, ಆಕೆಗೆ ತಿಳಿಯದ ನುಡಿಯಲ್ಲಿ ಪ್ರಶ್ನೆ ಬಂದರೆ ಆಕೆ ಸುಮ್ಮನಿರುವಳು. ಆ ಮೌನವನ್ನೇ ಬುದ್ಧಿಭ್ರಮಣೆಯೆಂದು ಬರೆದುಕೊಂಡರೆ ಗತಿಯೇನು?

“ಹುಚ್ಚರಿಗೇತಕ್ಕೆ ಭಾಷೆ? ಗುಳಿಗೆ ಸಾಕು” ಎನ್ನುವವರುಂಟು. ಹೊಟ್ಟೆಯ ನೋವನ್ನು ಬೆರಳಿಟ್ಟು ತೋರಿಸಬಹುದು. ಮನಸ್ಸಿನ ನೋವನ್ನು ಮಾತಿನಿಂದಲ್ಲದೆ ತೋರಿಸುವುದೆಂತು?

ಕಾನೂನು ಇವರಿಗಿಂತ ಉದಾರವಾಗಿದೆ. 2018ರ ಮೇ 29ರಂದು ಜಾರಿಗೆ ಬಂದ, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 4ನೆಯ ಕಲಮಿನಂತೆ, ಚಿಕಿತ್ಸೆಯ ವಿಷಯದಲ್ಲಿ ನಿರ್ಣಯಿಸಲು ರೋಗಿಯು ಸಮರ್ಥನೋ ಅಲ್ಲವೋ ಎಂಬುದನ್ನು ಅವನು ಬಲ್ಲ ಸರಳ ಭಾಷೆಯಲ್ಲಿ ತಿಳಿಸಿಯೇ ನೋಡತಕ್ಕದ್ದು. ರೋಗವೇನು, ಉಪಚಾರವೇನು ಎಂಬುದನ್ನು ತನಗೆ ತಿಳಿಯುವ ನುಡಿಯಲ್ಲಿ ಅರಿಯುವ ಹಕ್ಕನ್ನು 22ನೆಯ ಕಲಮು ಕೊಟ್ಟಿದೆ. 14ನೆಯ ಕಲಮಿನಂತೆ ತನ್ನ ಪರವಾಗಿ ನಿಲ್ಲುವ ಪ್ರತಿನಿಧಿಯನ್ನು ರೋಗಿಯೇ ಹೆಸರಿಸಬಹುದು. ಅರ್ಥವಾಗದ ಕಾಗದದ ಮೇಲೊತ್ತಿದ ಹೆಬ್ಬೆಟ್ಟು ಸಮ್ಮತಿಯಲ್ಲ.

ಆದರೆ ಕಲಮುಗಳು ತಾವಾಗಿ ಕನ್ನಡ ನುಡಿಯಲಾರವು. ಆಸ್ಪತ್ರೆಗಳು ದುಭಾಷಿಗಳನ್ನಿಡಲೇಬೇಕೆಂದು ನಾವು ಕೇಳೋಣ. ಅಲ್ಲಿಯವರೆಗೆ ಎರಡೂ ನುಡಿ ಬಲ್ಲ ನಾವೇ ರೋಗಿಯ ಬಳಿ ಕುಳಿತು, ಆತನ ಮಾತಿಗೆ ನಮ್ಮದೊಂದನ್ನೂ ಬೆರೆಸದೆ ವೈದ್ಯರಿಗೆ ಮುಟ್ಟಿಸೋಣ. ರಾಜ್ಯೋತ್ಸವದ ಭಾಷಣಕ್ಕಿಂತ ಅದು ಹಿರಿದಾದ ಕನ್ನಡ ಸೇವೆ.