ರೊಟ್ಟಿಗೆ ಬೇಡಿಕೆ ಬಂದಿದೆ, ಬೆಳೆಗಾರನಿಗೆ ಬೆಲೆ ಬರಲಿ

ಪುಣೆಯಲ್ಲಿ ಕನ್ನಡಿಗರು ಸೇರುವ ಸಂಕ್ರಾಂತಿ ಕೂಟಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇದ್ದರೆ ಊಟಕ್ಕೊಂದು ಕಳೆ. ಆದರೆ ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಅನೇಕ ಮನೆಗಳಲ್ಲಿ ದಿನದ ಊಟಕ್ಕೆ ಗೋಧಿ ಚಪಾತಿಯೇ. ಒಂದು ಕಾಲಕ್ಕೆ ಬಡವರ ಆಹಾರವಾಗಿದ್ದ ಜೋಳ ಹಬ್ಬದ ಊಟವಾದದ್ದು ಹೇಗೆ?

ಇದಕ್ಕೆ ಬೆಲೆ ಮತ್ತು ಆದಾಯ ಎರಡೂ ಕಾರಣ. ಪಡಿತರದಲ್ಲಿ ಅಕ್ಕಿ, ಗೋಧಿ ಅಗ್ಗವಾಗಿ ದೊರೆತಂತೆ ಜೋಳ ಹಿಂದೆ ಬಿತ್ತು. 2013ರ ಆಹಾರ ಭದ್ರತಾ ಕಾಯ್ದೆಯಡಿ ಕಿಲೋ ಅಕ್ಕಿಗೆ 3, ಗೋಧಿಗೆ 2 ರೂ. ನಿಗದಿಯಾಯಿತು, 2023ರ ಜನವರಿಯಿಂದ ಎರಡೂ ಉಚಿತ. ಪುಕ್ಕಟೆ ಗೋಧಿಯೆದುರು ದುಡ್ಡು ಕೊಟ್ಟು ತರುವ ಜೋಳ ಬಡ ಕುಟುಂಬಕ್ಕೆ ದುಬಾರಿ. ಕೈಯಲ್ಲಿ ನಾಲ್ಕು ಕಾಸು ಓಡಾಡಿದವರೂ ರೊಟ್ಟಿ ಬಡಿಯುವ ಶ್ರಮ ಬಿಟ್ಟು ಚಪಾತಿಗೆ ಹೊರಳಿದರು. 1960ರ ದಶಕದ ಕೊನೆಯಲ್ಲಿ ದೇಶದ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿ ಬೆಳೆಯುತ್ತಿದ್ದ ಜೋಳ ಈಗ 40 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಅದರೊಂದಿಗೆ ದನಕರುಗಳ ಕಣಿಕೆಯೂ ಕಡಿಮೆಯಾಯಿತು.

ಈಗ ಮಧುಮೇಹದ ಭಯ ಮತ್ತು 2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷದ ಪ್ರಚಾರದಿಂದ ಉಳ್ಳವರ ಮನೆಗೆ ಜೋಳ ಮರಳುತ್ತಿದೆ. ಕೇಂದ್ರ ಸರ್ಕಾರದ ಸಮೀಕ್ಷೆಗಳ ಪ್ರಕಾರ ನಗರದ ಮನೆಖರ್ಚಿನಲ್ಲಿ ಧಾನ್ಯಗಳ ಪಾಲು 1999-2000ರಲ್ಲಿ ಶೇ. 12ರಷ್ಟಿತ್ತು, 2022-23ರಲ್ಲಿ ಶೇ. 4ಕ್ಕಿಂತ ಕಡಿಮೆ. ಆದ್ದರಿಂದ ಕಿಲೋಗೆ ಐದು ರೂಪಾಯಿ ಹೆಚ್ಚಾದರೆ ಸಂಬಳದಾರ ಜೋಳ ಕೊಳ್ಳುವುದನ್ನು ಬಿಡುವುದಿಲ್ಲ. ತಿಂಗಳಿಗೆ 10 ಕಿಲೋ ಬೇಕಾಗುವ ಮನೆಗೆ ಅದು 50 ರೂಪಾಯಿಯ ಮಾತು. 20 ಕ್ವಿಂಟಾಲ್ ಬೆಳೆದ ರೈತನಿಗೆ ಮಾತ್ರ ಅದೇ ಐದು ರೂಪಾಯಿ 10,000 ಆಗುತ್ತದೆ.

ಆದರೆ ಪೊಟ್ಟಣದ ಹಿಟ್ಟಿಗೆ ಗಿರಾಕಿ ಕೊಡುವ ಹೆಚ್ಚಿನ ಹಣ ತಾನಾಗಿ ಹೊಲಕ್ಕೆ ತಲುಪುವುದಿಲ್ಲ. 2025-26ಕ್ಕೆ ಮಾಲದಂಡಿ ಜೋಳಕ್ಕೆ ಕ್ವಿಂಟಾಲಿಗೆ 3,749 ರೂ. ಬೆಂಬಲ ಬೆಲೆ ಘೋಷಣೆಯಾಗಿದೆ. ಆದರೂ ಸುಗ್ಗಿಯಲ್ಲಿ ಸಾಲ ತೀರಿಸುವ ಅವಸರವಿದ್ದ ರೈತ ಬಂದ ಬೆಲೆಗೆ ಮಾರುತ್ತಾನೆ.

ಇಲ್ಲಿ ಕನ್ನಡ ಸಂಘಗಳು ಮಾಡಬಹುದಾದ ಕೆಲಸವಿದೆ. ಹಿಂಗಾರಿ ಜೋಳ ರಾಶಿಯಾಗುವುದು ಫೆಬ್ರುವರಿ-ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಸದಸ್ಯರ ಬೇಡಿಕೆ ಪಟ್ಟಿ ಮಾಡಿ, ಬೆಂಬಲ ಬೆಲೆಗೆ ಕಡಿಮೆಯಿಲ್ಲದಂತೆ ರೈತರ ಗುಂಪುಗಳಿಂದ ನೇರವಾಗಿ ತರಿಸಿಕೊಳ್ಳಬೇಕು. ಸಾಗಣೆ ಖರ್ಚು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಪಡಿತರ ಗೋಧಿಯ ಒಂದು ಪಾಲಿಗೆ ಬದಲಾಗಿ ಜೋಳ ಕೊಡಿ ಎಂದು ಸರ್ಕಾರವನ್ನೂ ಕೇಳಬೇಕು. ಇಲ್ಲವಾದರೆ ಜೋಳ ಬೆಳೆಸಿಕೊಂಡು ಬಂದ ಬಡವರಿಗೇ ರೊಟ್ಟಿ ಎಟುಕದಂತಾದೀತು.